ಸಮುದ್ರದಿಂದ ಕಾಣುವ ಮನೆ

ನನ್ನ ಮೈದುನ ಮಾಬ್ಲೇಶ್ವರನ ಮನೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಮಾತು. "ಅಲ್ಲ, ಬಾಗಿಲ ಎದುರಿಗೇ ಪಾಯಖಾನೆ ಯಾಕೆ ಕಟ್ಟಿದ್ರಿ?"

ಕೇಳುವುದರಲ್ಲಿ ತಪ್ಪಿಲ್ಲ. ರಸ್ತೆಯಿಂದ ನಮ್ಮ ಮನೆಗೆ ಇಳಿಯುವವರಿಗೆ ಮೊದಲು ಎದುರಾಗುವುದು ಅದೇ. ಅದನ್ನು ದಾಟಿ ಇಪ್ಪತ್ತು ಮೆಟ್ಟಿಲು ಇಳಿದರೆ ಮನೆ. ಮನೆಯ ಮುಂದಿನ ಗೋಡೆಗೆ ಇವತ್ತಿಗೂ ಬಣ್ಣವಿಲ್ಲ, ಗಿಲಾವೂ ಇಲ್ಲ, ಕೆಂಪು ಕಲ್ಲು ಹಾಗೇ ಹಲ್ಲು ಬಿಟ್ಟುಕೊಂಡಿದೆ. ನೀಲಿ ಬಣ್ಣ, ದೊಡ್ಡ ಕಿಟಕಿ, ತುಳಸಿಕಟ್ಟೆ, ಕೂರುವ ಜಗಲಿ ಎಲ್ಲವೂ ಹಿಂದುಗಡೆ, ಸಮುದ್ರದ ಕಡೆಗೆ. ಮಾಬ್ಲುನ ಮನೆ ಊರಿನ ಮೇಲೆ ಸಿಟ್ಟು ಮಾಡಿಕೊಂಡು ಬೆನ್ನು ತಿರುಗಿಸಿ ಕೂತದೆ ಅಂತ ಕೇರಿಯವರು ನಗಾಡುತ್ತಾರೆ.

ಸಿಟ್ಟು ಗಿಟ್ಟು ಏನೂ ಅಲ್ಲ. ಅದಕ್ಕೆಲ್ಲ ಕಾರಣ ಒಂದು ಕತೆ. ಹೇಳಿದವರು ನನ್ನ ಅತ್ತೆ.

ನಮ್ಮ ಕೇರಿ ಅಂಕೋಲೆಯ ಕಡೆ, ಹಾರವಾಡದ ಈಚೆ, ಗುಡ್ಡ ಇಳಿದು ಬಂದು ಸಮುದ್ರಕ್ಕೆ ಮುಟ್ಟುವ ಜಾಗ. ಹಾಗಂತ ನಾವು ಸಮುದ್ರದ ಜನ ಅಲ್ಲ, ಗದ್ದೆಯ ಜನ. ಗದ್ದೆ ಇದ್ದವರು ಗದ್ದೆ ಮಾಡಿದರು, ಇಲ್ಲದವರು ಕೂಲಿಗೆ ಹೋದರು. ಸಮುದ್ರ ಮನೆಯ ಹಿಂದೆಯೇ ಇದ್ದರೂ ನಮಗೂ ಅದಕ್ಕೂ ಇರುವ ಸಂಬಂಧ ಬಂಗಡೆ ಸಾರಿನದು ಮಾತ್ರ. ಮೊಣಕಾಲಿಗಿಂತ ಮೇಲೆ ಉಪ್ಪುನೀರು ಮುಟ್ಟಿಸಿಕೊಂಡವರು ನಮ್ಮಲ್ಲಿ ಇಲ್ಲವೇ ಇಲ್ಲ.

ನಾನು ಮದುವೆಯಾಗಿ ಬಂದಾಗ ಮಾಬ್ಲುಗೆ ಹಾಲುಹಲ್ಲು ಬೀಳುವ ವಯಸ್ಸು. ನನ್ನ ಗಂಡ ರಾಮಾ ಹಿರಿಯವರು, ಇವನು ಕಟ್ಟಕಡೆಯವನು. ಊಟಕ್ಕೆ ಕೂತರೆ ಹಟ. ಹಾಗಾಗಿ ಅತ್ತೆ ಕತೆ ಹೇಳಿ ಉಣ್ಣಿಸುತ್ತಿದ್ದರು. ಒಬ್ಬ ಹುಡುಗ ಹಡಗು ಹತ್ತಿ ದೂರದೇಶಕ್ಕೆ ಹೋದನಂತೆ. ಬಹಳ ವರ್ಷ ದುಡಿದು ತಿರುಗಿ ಬಂದನಂತೆ. ಸಮುದ್ರದಿಂದ ನೋಡಿದರೆ ದಡದ ಮೇಲೆ ಎಲ್ಲಾ ಮನೆ ಒಂದೇ ನಮೂನೆ, ಎಲ್ಲಾ ತೆಂಗಿನ ಮರ ಒಂದೇ ನಮೂನೆ. ತನ್ನ ಮನೆ ಯಾವುದೆಂದು ಗುರುತು ಹತ್ತಲಿಲ್ಲ. ಯಾವುದೋ ಒಂದು ಬಾಗಿಲಿಗೆ ಹೋಗಿ "ಆಯೀ" ಅಂತ ಕರೆದ. ಆ ಮನೆಯ ಮುದುಕಿಗೆ ಕಣ್ಣು ಕಾಣದು. "ಬಂದ್ಯಾ ಮಗಾ" ಅಂತ ಗಂಜಿ ಬಡಿಸಿದಳು. ಅವನು ಅಲ್ಲೇ ಉಳಿದುಬಿಟ್ಟ. ಹೆತ್ತ ತಾಯಿ ನಾಲ್ಕು ಮನೆ ಆಚೆ ಗಂಜಿ ಕಾಯಿಸಿಕೊಂಡು ಕಾದೇ ಕಾದಳು.

ಇದು ಮಾಬ್ಲು ಹಟ ಮಾಡಿದ ದಿನದ ಕತೆ. ಸರಿಯಾಗಿ ಉಂಡ ದಿನ ಕತೆಯ ಕೊನೆ ಬೇರೆ. ಆವತ್ತು ತಾಯಿ ತನ್ನ ಕೆಂಪು ಸೀರೆ ತೆಗೆದುಕೊಂಡು ಮರ ಹತ್ತಿ ಬೀಸುತ್ತಿದ್ದಳು, ಮಗ ಅದನ್ನು ನೋಡಿ ಸೀದಾ ಮನೆಗೆ ಬರುತ್ತಿದ್ದ. ಪಾಪ, ಅತ್ತೆ ಅಷ್ಟು ಆಸೆ ತೋರಿಸಿದರೂ ಹುಡುಗನ ತಲೆಯಲ್ಲಿ ಉಳಿದದ್ದು ಹಟದ ದಿನದ ಕತೆಯೇ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ಒಂದು ದಿನ ನನ್ನ ಸೆರಗು ಹಿಡಿದು ಕೇಳಿದ, "ವೈನೀ, ನಮ್ಮನೆ ಸಮುದ್ರದಿಂದ ಹೆಂಗೆ ಕಾಣ್ತದೆ?"

"ನಂಗೇನು ಗೊತ್ತಾ, ನಾನು ಬಸ್ಸಿನಲ್ಲಿ ಬಂದವಳು."

"ನಾನು ಹಡಗಿನಿಂದ ನೋಡಿದ್ರೆ ಇದೇ ನಮ್ಮನೆ ಅಂತ ಗುರುತು ಸಿಗ್ತದಾ?"

"ಉಣ್ಣು ಸುಮ್ಮನೆ."

ಅವನು ಸುಮ್ಮನಾಗಲಿಲ್ಲ. ಹತ್ತು ಹನ್ನೊಂದು ವರ್ಷದವನಿದ್ದಾಗ ಮೀನುಗಾರರ ದೋಣಿಯಲ್ಲಿ ಬಲೆಯ ಕೆಳಗೆ ಅಡಗಿ ಕೂತು ಸಿಕ್ಕಿಬಿದ್ದ. ಅತ್ತೆ ಅವನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದರು. "ನಾನು ಇರುವ ತನಕ ನೀನು ಸಮುದ್ರಕ್ಕೆ ಹೋಗಕೂಡದು." ಆಣೆ ಹಾಕಿಸಿದವರು ಸುಮ್ಮನೆ ಇರಬೇಕೋ ಬೇಡವೋ, ತೊಂಬತ್ತರ ಹತ್ತಿರ ಬದುಕಿದರು! ಜ್ವರ ಬಂದು ಅವರು ಮಲಗಿದರೆ ಔಷಧಕ್ಕೆ ಅಂಕೋಲೆಗೆ ಓಡುವವನು ಇವನೇ. ಆದರೂ ಜಯಂತಿ, ಅಂದರೆ ಇವನ ಹೆಂಡತಿ, ಅತ್ತೆಯ ಎದುರಿಗೇ ಚೇಷ್ಟೆ ಮಾಡುತ್ತಿದ್ದಳು. "ಔಷಧ ಸರಿಯಾಗಿ ಬರ್ಸಕೊಂಡು ಬಂದ್ರಾ, ಇಲ್ಲಾ ಬೋಟಿನ ಟೈಮು ಕೇಳಿ ಬಂದ್ರಾ?" ಅತ್ತೆ ಮಲಗಿದಲ್ಲಿಂದಲೇ ನಗುತ್ತಿದ್ದರು.

ಸಮುದ್ರಕ್ಕೆ ಹೋಗುವ ಹಾಗಿಲ್ಲ, ಆದರೆ ಹತ್ತಿರ ನಿಲ್ಲಲಿಕ್ಕೆ ಆಣೆಯಿಲ್ಲವಲ್ಲ. ಮಾಬ್ಲು ಕೆಲಸ ಹಿಡಿದದ್ದು ಕಾರವಾರದ ಬೈತಖೋಲ ಬಂದರದಲ್ಲಿ. ಬೋಟಿನಿಂದ ಇಳಿದ ಮೀನಿನ ಪೆಟ್ಟಿಗೆ ಹೊತ್ತು ಲಾರಿಗೆ ಹಾಕುವುದು, ಮಂಜುಗಡ್ಡೆ ಹೊರುವುದು. ಊರಿನ ಹತ್ತಿರವೇ ಕಲ್ಲಿನ ಕೆಲಸ ಇತ್ತು, ಬೇಡ ಅಂದ. ಬೆಳಕು ಹರಿಯುವ ಮೊದಲೇ ಎದ್ದು ಬಸ್ಸು ಹಿಡಿದು ಹೋಗುತ್ತಿದ್ದ. ಮಳೆ ಇರಲಿ, ಮೈ ಬೆಚ್ಚಗಿರಲಿ, ತಪ್ಪಿಸಿದವನಲ್ಲ. ಜೊತೆಯವರು ಸಂಜೆ ಮೈಕೈ ನೋವಿಗೆಂದು ಸ್ವಲ್ಪ ಹಾಕುತ್ತಿದ್ದರು. ಇವನೂ ಹಾಕುತ್ತಿದ್ದ. ಒಂದು ದಿನ ತಾನಾಗಿಯೇ ಬಿಟ್ಟ. ದೇವರ ಹರಕೆಯಾ ಅಂತ ಕೇಳಿದೆ.

"ಅಲ್ಲ ವೈನಿ. ನಾಳೆ ಸಮುದ್ರಕ್ಕೆ ಹೋದಾಗ ಕುಡಿದ ಕಣ್ಣಿಗೆ ಎರಡು ಮನೆ ಕಂಡ್ರೆ ನಮ್ಮದು ಯಾವುದು ಅಂತ ಹೇಳಲಿ?"

ಜಯಂತಿ ಅಲ್ಲೇ ಮೀನು ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟು ಸಮುದ್ರಕ್ಕೆ ಕೈ ಮುಗಿದಳು. ಎಷ್ಟೋ ವರ್ಷ ತಾನು ಅತ್ತೂ ಕರೆದೂ ಬಿಡಿಸಲಾಗದ್ದನ್ನು ಅದು ಬಿಡಿಸಿತ್ತು. ಆದರೆ ಬಾಯಿ ಮಾತ್ರ ಸುಮ್ಮನಿರಲಿಲ್ಲ, ಗಂಡನನ್ನು ಮಗಳ ಹೆಸರು ಹಿಡಿದು ಕರೆದು ಹೇಳಿದಳು. "ವಿನುತಾನ ಅಪ್ಪಾ, ಇಲ್ಲಿ ನಿಂತ್ರೇ ಮನೆ ಇಷ್ಟು ದೊಡ್ಡಕೆ ಕಾಣ್ತದೆ. ಅಷ್ಟು ದೂರ ಹೋಗಿ ಸಣ್ಣ ಮಾಡಿ ನೋಡೂದು ಯಾಕೆ?"

ಹಳೆಯ ಹುಲ್ಲಿನ ಮನೆ ಕೆಡವಿ ಹೊಸದು ಕಟ್ಟುವಾಗ ಮಾಬ್ಲುನ ಹುಚ್ಚು ಗೋಡೆಗೂ ಹತ್ತಿತು. ಬಣ್ಣ ಒಂದು ಬದಿಗೆ ಆಗುವಷ್ಟೇ ಇತ್ತು. ಎಲ್ಲರೂ ಮುಂದಿನ ಗೋಡೆಗೆ ಹೊಡೆಯುತ್ತಾರೆ, ಇವನು ಸಮುದ್ರದ ಬದಿಗೆ ಹೊಡೆಸಿದ. ಆಮೇಲೆ ಪಂಚಾಯತಿಯಿಂದ ಪಾಯಖಾನೆ ಬಂತು. ಕಟ್ಟುವವರು ಹಿಂದುಗಡೆ ಗುಂಡಿ ತೆಗೆಯಲಿಕ್ಕೆ ಹೊರಟರೆ ಮಾಬ್ಲು ಗುದ್ದಲಿಯ ಮುಂದೆ ನಿಂತುಬಿಟ್ಟ.

"ಇಲ್ಲಿ ಬೇಡ. ಸಮುದ್ರದಿಂದ ಬರುವವರಿಗೆ ಮೊದಲು ಕಾಣೂದು ಇದೇ ಆಗ್ತದೆ."

"ಸಮುದ್ರದಿಂದ ಯಾರು ಬರ್ತಾರಾ ನಿಮ್ಮನೆಗೆ?" ಅಂತ ಮೇಸ್ತ್ರಿ ಕೇಳಿದ.

"ನಾನು."

ಮೇಸ್ತ್ರಿ ಅವನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಗುಂಡಿ ಬಾಗಿಲ ಎದುರಿಗೆ, ಮೇಲಿನ ದಿಬ್ಬದ ಮೇಲೆ, ರಸ್ತೆಯ ಪಕ್ಕ ಬಿತ್ತು. ಆಮೇಲೆ ನಮ್ಮ ಮನೆಯ ಹೆಂಗಸರು ಚೊಂಬು ಹಿಡಿದು ಹೊರಟರೆ ರಸ್ತೆಯಲ್ಲಿ ಹೋಗುವ ಪರಿಚಯದವರೆಲ್ಲ ನಿಂತು ಕುಶಲ ಕೇಳುವುದು! ಜಯಂತಿ ಅದನ್ನು ಇವತ್ತಿಗೂ ಮರೆತಿಲ್ಲ.

ಮಗಳು ವಿನುತಾನನ್ನು ನೋಡಲಿಕ್ಕೆ ಸುಂಕಸಾಳದಿಂದ ಗಂಡಿನ ಕಡೆಯವರು ಬಂದ ದಿನ ನಮ್ಮ ಜೀವ ಹೋಗುವುದೊಂದು ಬಾಕಿ. ಗಂಡಿನ ತಾಯಿ ಮೆಟ್ಟಿಲ ಮೇಲೆಯೇ ನಿಂತು ಪಾಯಖಾನೆ ನೋಡಿದಳು, ಬಣ್ಣವಿಲ್ಲದ ಗೋಡೆ ನೋಡಿದಳು, ಮೂಗಿನ ಹತ್ತಿರ ಸೆರಗು ತಂದಳು. ಮಾಬ್ಲು ಏನೂ ಗೊತ್ತಿಲ್ಲದವನ ಹಾಗೆ, "ಅದು ಮನೆಯ ಹಿಂಬದಿ. ಮುಂದೆ ಬನ್ನಿ" ಅಂತ ಎಲ್ಲರನ್ನೂ ಸುತ್ತಿಸಿ ಹಿತ್ತಲಿಗೆ ಕರೆದುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದ. ಎದುರಿಗೆ ಇಡೀ ಸಮುದ್ರ. ಗಂಡಿನ ತಂದೆ ಕಾಡಿನ ನಡುವೆ ಬೆಳೆದವರು, ಯಲ್ಲಾಪುರ ರಸ್ತೆಯ ಲಾರಿ ಬಿಟ್ಟರೆ ಬೇರೆ ನೋಡಿದವರಲ್ಲ. ಚಹಾ ಆರಿ ತಣ್ಣಗಾದರೂ ಅವರಿಗೆ ಎಚ್ಚರವಿಲ್ಲ. ಏಳುವಾಗ, "ನಂಟಸ್ತನ ಆಗ್ಲಿ ಮಾರಾಯ್ರೆ. ನಾವು ಬಂದಾಗೆಲ್ಲ ಇಲ್ಲೇ ಕೂರೂದು" ಅಂದರು. ಆವತ್ತಿನಿಂದ ಮಾಬ್ಲು ನೆಲದ ಮೇಲೆ ನಡೆಯಲಿಲ್ಲ. "ನೋಡ್ದ್ಯೇನೇ ಜಯಂತೀ? ಮನೆಗೆ ಮುಖ ಯಾವ ಕಡೆ ಬೇಕು ಅಂತ ಈಗ ಗೊತ್ತಾಯ್ತಾ?"

ಅತ್ತೆ ತೀರಿಕೊಂಡರು. ಆಣೆ ಮುಗಿಯಿತು. ಆದರೆ ಮೊದಲ ವರ್ಷ ಸೂತಕದ ಮನೆ ಅಂತ ಹೋಗಲಿಲ್ಲ. ಆಮೇಲೆ ಕೊರೋನಾ ಬಂತು, ಬಂದರಕ್ಕೇ ಬಿಡಲಿಲ್ಲ. ಅದರ ಮುಂದಿನ ಸಲ ಸಮುದ್ರವೇ ಮುನಿದು ಕೂತಿತ್ತು. ಇವನ ತಲೆಯ ಅರ್ಧ ಕೂದಲು ಹಣ್ಣಾದವು.

ಬೈತಖೋಲದಲ್ಲಿ ಇವನಿಗೆ ಬೇಕಾದವನು ಮಾದೇವ ತಾಂಡೇಲ. ತಾಂಡೇಲ ಅಂದರೆ ಬೋಟು ನಡೆಸುವವನು. ಅವನ ಮನೆಯೂ ನಮ್ಮ ದಡದಲ್ಲೇ, ಮೀನುಗಾರರ ಕೇರಿಯಲ್ಲಿ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮಾದೇವ ಬೋಟಿಗೆ ಹೂವು ಕಟ್ಟಿ ಮನೆಮಂದಿಯನ್ನು ಕೂರಿಸಿಕೊಂಡು ಕಾರವಾರದಿಂದ ತನ್ನ ಊರಿನ ಎದುರಿಗೆ ತರುವ ಪದ್ಧತಿ. ಮೊದಲೊಮ್ಮೆ ಅವನು ತನ್ನ ಮೊಬೈಲಿನಲ್ಲಿ ಸಮುದ್ರದಿಂದ ನಮ್ಮ ದಡದ ಫೋಟೋ ತೆಗೆದು ತಂದು, "ತಗಾ, ನೋಡು ನಿನ್ನ ಮನೆ" ಅಂದಿದ್ದನಂತೆ. ಮಾಬ್ಲು ಕಣ್ಣು ಗಟ್ಟಿ ಮುಚ್ಚಿಕೊಂಡನಂತೆ. "ಬೇಡ ಬೇಡ, ತೋರ್ಸಬೇಡ. ಗುರುತು ಹಿಡೀಬೇಕಾದವ ನಾನು, ನಿನ್ನ ಮೊಬೈಲು ಅಲ್ಲ."

ಹೋದ ವರ್ಷದ ಹಿಂದಿನ ವರ್ಷ ಮಾದೇವ ಒಪ್ಪಿದ. ಆದರೆ ಒಂದು ಮಾತು ಹೇಳಿದ. "ಹುಣ್ಣಿಮೆ ದಿನ ಬೋಟು ಹತ್ತೂದು ಜೋಡಿ. ಒಬ್ಬನೇ ಬರಬೇಡ, ಹೆಂಡ್ತಿ ಕರ್ಕೊಂಡು ಬಾ."

ಜಯಂತಿ ಕೂಗಾಡಿದಳು. "ನಂಗೆ ಬಾವಿ ಬಗ್ಗಿ ನೋಡಿದ್ರೇ ತಲೆ ತಿರುಗ್ತದೆ! ಇವರ ಹುಚ್ಚಿಗೆ ನಾನು ಯಾಕೆ ಮುಳುಗಬೇಕು?" ಕೂಗಾಡಿ ಮುಗಿದ ಮೇಲೆ ಒಳ್ಳೆಯ ಸೀರೆ ತೆಗೆದು ಮಡಿಕೆ ಬಿಡಿಸಿ ಹರವಿದಳು.

ಮಾಬ್ಲುಗೆ ಹೆದರಿಕೆಯೇ ಇರಲಿಲ್ಲ. ಉತ್ತ ಗದ್ದೆಯ ಕೆಸರು ಸಮ ಮಾಡುವಾಗ ಎತ್ತಿನ ಹಿಂದೆ ಒಂದು ಹಲಗೆ ಕಟ್ಟುತ್ತಾರೆ, ಭಾರಕ್ಕೆ ಒಬ್ಬ ಅದರ ಮೇಲೆ ನಿಲ್ಲಬೇಕು. ಆ ಕೆಲಸದಲ್ಲಿ ಮಾಬ್ಲುವನ್ನು ಮೀರಿಸಿದವರು ನಮ್ಮ ಬಯಲಿನಲ್ಲಿ ಇಲ್ಲ. ಎತ್ತು ಓಡಿದರೂ ಬೀಳುತ್ತಿರಲಿಲ್ಲ. "ಸಮುದ್ರ ಅಂದ್ರೆ ಏನು ವೈನಿ? ಅದೂ ಗದ್ದೆಯೇ. ನೀರು ಸ್ವಲ್ಪ ಹೆಚ್ಚು." ಹಲಗೆಯ ಮೇಲೆ ನಿಲ್ಲುವವನು ಹೊಟ್ಟೆ ತುಂಬ ಉಂಡು ಭಾರವಾಗಿ ನಿಲ್ಲಬೇಕು, ಹಗುರವಾದರೆ ಹಲಗೆ ಎಗರುತ್ತದೆ. ಬೋಟಿಗೂ ಹಾಗೇ ಅಂತ ಅವನ ಲೆಕ್ಕ. ಹುಣ್ಣಿಮೆಯ ಬೆಳಿಗ್ಗೆ ಕುಚ್ಚಿಗೆ ಅಕ್ಕಿಯ ಗಂಜಿ ಎರಡು ಬಟ್ಟಲು, ಅದರ ಮೇಲೆ ಅರಿಶಿನ ಎಲೆಯಲ್ಲಿ ಬೇಯಿಸಿದ ಪಾತೋಳಿ, ಅದರ ಮೇಲೆ ಬಾಳೆಹಣ್ಣಿನ ಬನ್ಸು. "ಸಾಕಾ, ತಮಾ" ಅಂದರೆ, "ಇರ್ಲಿ ಹಾಕು, ಬೋಟು ಅಲ್ಲಾಡಬಾರದು" ಅಂದ. ಜಯಂತಿಗೆ ಹೆದರಿಕೆಗೆ ಗಂಟಲಲ್ಲಿ ನೀರೂ ಇಳಿಯಲಿಲ್ಲ. ಬರೀ ಹೊಟ್ಟೆಯಲ್ಲಿ ಬಸ್ಸು ಹತ್ತಿದಳು.

ಅವರು ಕಾರವಾರಕ್ಕೆ ಹೋದ ಮೇಲೆ ನಾನೂ ಹಬ್ಬಕ್ಕೆ ಗಂಡನ ಮನೆಯಿಂದ ಬಂದಿದ್ದ ವಿನುತಾನೂ ಹಿತ್ತಲಿಗೆ ಹೋಗಿ ನೋಡಿದೆವು. ಆ ವರ್ಷದ ಗಾಳಿಮಳೆ ನಮ್ಮ ನೀಲಿ ಗೋಡೆಯನ್ನೇ ಹುಡುಕಿಕೊಂಡು ಬಂದು ಹೊಡೆದಿತ್ತು. ಗೋಡೆಯ ತುಂಬ ಪಾಚಿ. ಹಿಂದೆ ಹಸಿರು ಗುಡ್ಡ, ಮುಂದೆ ಹಸಿರು ತೆಂಗು, ನಡುವೆ ಹಸಿರು ಗೋಡೆ. ದಿನಾ ನೋಡುವ ನಮಗೆ ಅದು ನೀಲಿ ಅಂತಲೇ ತಲೆಯಲ್ಲಿತ್ತು.

"ದೊಡ್ಡಾಯಿ, ಅಪ್ಪಂಗೆ ಗುರುತು ಸಿಗೂದಿಲ್ಲ" ಅಂತ ವಿನುತಾ ಅಳುವ ಹಾಗಾದಳು.

ನನಗೆ ಅತ್ತೆಯ ಕತೆ ನೆನಪಾಯಿತು. ಊಟ ಸರಿಯಾಗಿ ಮಾಡಿದ ದಿನದ ಕತೆ. ಒಳಗೆ ಹೋಗಿ ಪೆಟ್ಟಿಗೆ ತೆಗೆದು ನನ್ನ ಮದುವೆಯ ಕೆಂಪು ಸೀರೆ ತಂದೆ. ನನ್ನ ಗಂಡ ತೀರಿಹೋದ ಮೇಲೆ ನಾನು ಉಟ್ಟದ್ದಲ್ಲ, ಯಾರಿಗೂ ಕೊಡಲಿಕ್ಕೂ ಮನಸ್ಸಾದದ್ದಲ್ಲ. ಕಾಯಿ ಕೀಳುವ ಉದ್ದ ದೋಟಿಯ ತುದಿಗೆ ಅದನ್ನು ಕಟ್ಟಿದೆವು. ಮರ ಹತ್ತುವ ವಯಸ್ಸು ನನ್ನದಲ್ಲ, ವಿನುತಾ ದೋಟಿ ಹೊತ್ತು ಸಮುದ್ರದಂಡೆಗೆ ಓಡಿದಳು, ಹಿಂದಿನಿಂದ ನಾನು.

ಗದ್ದೆಯ ಜನ ನಾವು. ದಡದಲ್ಲಿ ಕೆಂಪು ಬಟ್ಟೆ ಬೀಸಿದರೆ ಮೀನುಗಾರರಿಗೆ ಅದು ಅಪಾಯದ ಗುರುತು ಅಂತ ನಮಗೇನು ಗೊತ್ತು? ಸ್ವಲ್ಪ ಹೊತ್ತಿಗೆ ಮೀನುಗಾರರ ಕೇರಿಯಿಂದ ಹೆಂಗಸರು ಮಕ್ಕಳು ಎಲ್ಲ ಓಡಿ ಬಂದರು. ಹಬ್ಬದ ಅಡುಗೆ ಬಿಟ್ಟು ಬಂದವರು. ಯಾವ ಬೋಟು, ಯಾರ ಬೋಟು ಅಂತ ಕೂಗುವವರು ಕೂಗಿದರು, ಯಾವುದೂ ಗೊತ್ತಿಲ್ಲದವರು ಎದೆ ಬಡಿದುಕೊಂಡರು. ನಮ್ಮ ಮಾತು ಕೇಳುವವರು ಯಾರೂ ಇಲ್ಲ. ಅಷ್ಟರಲ್ಲಿ ದೂರದಲ್ಲಿ ಮಾದೇವನ ಬೋಟು ಕಂಡಿತು. ಗುಂಪೆಲ್ಲ ಅದರ ಕಡೆಗೆ ಕೈ ಬೀಸಿತು.

ಬೋಟಿನ ಒಳಗೆ ನಡೆದದ್ದು ಜಯಂತಿ ಮತ್ತು ಮಾದೇವ ಆಮೇಲೆ ಹೇಳಿದ್ದು. ಬೈತಖೋಲದ ಬಾಯಿ ದಾಟುವ ತನಕ ಮಾಬ್ಲು ಮುಂದಿನ ತುದಿಯಲ್ಲಿ ಎರಡೂ ಕಾಲು ಅಗಲಿಸಿ, ಹಲಗೆಯ ಮೇಲೆ ನಿಂತ ಹಾಗೇ ನಿಂತಿದ್ದನಂತೆ. ಮಾದೇವನ ಹೆಂಡತಿಗೆ, "ಗದ್ದೆ ಕೆಲಸ ಮಾಡಿದವಂಗೆ ಇದೆಲ್ಲ ಏನೂ ಅಲ್ಲ ತಂಗಿ" ಅಂತ ಹೇಳಿದನಂತೆ. ನೌಕಾನೆಲೆಯ ಎದುರು ಹತ್ತಿರ ಹೋಗುವ ಹಾಗಿಲ್ಲ, ಬೋಟು ಸುತ್ತು ಹಾಕಲಿಕ್ಕೆ ದೂರದ ನೀರಿಗೆ ಹೋಯಿತು. ಅಲ್ಲಿ ತೆರೆ ಗುಡ್ಡದ ಹಾಗೆ ಬಂತು. ಮೊದಲು ಬನ್ಸು ಹೋಯಿತು. ಆಮೇಲೆ ಪಾತೋಳಿ. ಗಂಜಿಯ ಹೊತ್ತಿಗೆ ಮಾಬ್ಲು ಹೊಟ್ಟೆಯಡಿಯಾಗಿ ಬಲೆಯ ರಾಶಿಯ ಮೇಲೆ ಬಿದ್ದು, "ಆಯೀ, ಆಣೆ ಮುರ್ದೆ, ತಪ್ಪಾಯ್ತು" ಅಂತ ಸತ್ತ ತಾಯಿಯನ್ನು ಕರೆಯುತ್ತಿದ್ದ. ಬಾವಿಗೆ ಹೆದರುವ ಜಯಂತಿಗೆ ಏನೂ ಆಗಲಿಲ್ಲ! ಒಂದು ಕೈಯಲ್ಲಿ ಗಂಡನ ತಲೆ, ಇನ್ನೊಂದು ಕೈಯಲ್ಲಿ ಬೋಟಿನ ಹಗ್ಗ ಹಿಡಿದು ಕಲ್ಲಿನ ಹಾಗೆ ಕೂತಿದ್ದಳು.

ನಮ್ಮ ದಡ ಬಂದಾಗ ಮಾದೇವನಿಗೆ ಕಂಡದ್ದು ಕೆಂಪು ಬಟ್ಟೆ, ಓಡಾಡುವ ಜನ, ಎದೆ ಬಡಿದುಕೊಳ್ಳುವ ತನ್ನ ಅತ್ತಿಗೆ. ಬೋಟನ್ನು ಎಷ್ಟು ಹತ್ತಿರ ತರಬಹುದೋ ಅಷ್ಟು ಹತ್ತಿರ ತಂದು ನಿಲ್ಲಿಸಿದ. ವಿನುತಾನ ಮೊಬೈಲು ಹೊಡೆದುಕೊಂಡಿತು.

"ಏನಾಯ್ತೇ? ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ ಕಾಕಾ. ಅಪ್ಪಂಗೆ ಮನೆ ಗುರುತು ಸಿಗಲಿ ಅಂತ ದೊಡ್ಡಾಯಿಯ ಸೀರೆ ಬೀಸ್ತಾ ಇದ್ದೆ."

ಆ ಕಡೆಯಿಂದ ಮಾದೇವ ಕೂಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿತು. "ನಿನ್ನ ಅಪ್ಪ ಬೋಟಿನ ತಳ ನೋಡ್ತಾ ಬಿದ್ದಿದ್ದಾನೆ! ಕಣ್ಣು ಬಿಡು ಅಂದ್ರೆ ಬಿಡೂದಿಲ್ಲ! ಬೋಟು ನಿಂತಿದ್ದಕ್ಕೆ ಮುಳುಗ್ತಾ ಅದೆ ಅಂತ ತಿಳ್ಕೊಂಡು ಪ್ರಾರ್ಥನೆ ಮಾಡ್ತಾ ಇದ್ದಾನೆ!"

ಸಂಜೆ ಗಂಡಹೆಂಡತಿ ಮನೆಗೆ ಬಂದರು. ಮಾಬ್ಲುನ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಗಿತ್ತು. ಜಗಲಿಯ ಮೇಲೆ ಕೂತ. ನಾನು ಗೊತ್ತಿಲ್ಲದವಳ ಹಾಗೆ ಕೇಳಿದೆ, "ಕಂಡಿತಾ, ತಮಾ?"

"ಕಂಡಿತು ವೈನಿ."

"ಗುರುತು ಸಿಕ್ಕಿತಾ?"

"ಸಿಗದೆ? ನೀಲಿ ಗೋಡೆ ಹೊಳೀತಾ ಇತ್ತಲ್ಲ."

ಜೀವಮಾನವೆಲ್ಲ ಗಂಡನ ಮಾತಿಗೆ ಎರಡು ಮಾತು ಸೇರಿಸುತ್ತಿದ್ದ ಜಯಂತಿ ಬಾಯಿ ಬಿಡಲಿಲ್ಲ. ಕಾಲಿನ ಮರಳು ಒರೆಸುತ್ತ ಕೂತಳು. ಹಾಳಾದ್ದು ವಿನುತಾಗೆ ತಡೆಯಲಿಲ್ಲ. "ಕೆಂಪು ಸೀರೆ ಕಂಡಿತಾ ಅಪ್ಪಾ?"

"ಯಾವ ಸೀರೆ?"

ಅಷ್ಟೇ. ಯಾರೂ ನಗಲಿಲ್ಲ. ಮಾಬ್ಲು ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ಬೆಳಗಿನ ಬಸ್ಸು ರಸ್ತೆಯಲ್ಲಿ ಹಾರ್ನು ಹಾಕಿ ಹಾಕಿ ಹೋಯಿತು. ಅವನು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮೈಗೆ ಏನೂ ಆಗಿರಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದ, ಮಲಗು ಅಂದರೆ ಮಲಗುತ್ತಿದ್ದ. ಜಗಲಿಗೆ ಬರುವುದನ್ನೇ ಬಿಟ್ಟ, ಬಣ್ಣವಿಲ್ಲದ ಬದಿಯಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದ. ಬೈತಖೋಲದಿಂದ ಜೊತೆಯವರು ಫೋನು ಮಾಡಿದರೆ, "ಬರೂದು ಯಾಕೆ?" ಅನ್ನುತ್ತಿದ್ದ. ನನಗೆ ಆವಾಗ ಹೆದರಿಕೆಯಾಯಿತು. ಇಷ್ಟು ವರ್ಷ ಅವನನ್ನು ಬೆಳಗಾಗುವ ಮೊದಲು ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ದು ಮನೆಯ ಖರ್ಚು ಅಂತ ನಾವು ತಿಳಿದಿದ್ದೆವು. ಖರ್ಚು ಈಗಲೂ ಇತ್ತಲ್ಲ, ಅದು ಯಾಕೆ ಎಬ್ಬಿಸಲಿಲ್ಲ? ಹುಡುಗಾಟದ್ದು ಅಂತ ನಾವೆಲ್ಲ ನಗಾಡಿದ ಆ ಒಂದು ಆಸೆ, ಅತ್ತೆಯ ಕತೆಯೊಳಗಿಂದ ಎದ್ದು ಬಂದದ್ದು, ಅದೇ ಅವನ ಮಂಜುಗಡ್ಡೆಯನ್ನೂ ಹೊತ್ತಿತ್ತು.

"ಏನಾದ್ರೂ ಹೇಳೇ. ನೀನು ನೋಡಿ ಬಂದವಳಲ್ಲ?" ಅಂದೆ ಜಯಂತಿಗೆ.

"ಹೇಳುವಂಥದ್ದಲ್ಲ ಅಕ್ಕಾ" ಅಂದಳು. ಅನ್ನುವಾಗ ಬಾಯಿಗೆ ಸೆರಗು ಹಿಡಿದುಕೊಂಡಳು. ಅಳುತ್ತಿದ್ದಾಳೆ ಅಂತ ತಿಳಿದೆ. ಹತ್ತಿರ ಹೋಗಿ ನೋಡಿದರೆ ನಗು.

ಆ ಸಂಜೆ ಅವಳು ಮೆಟ್ಟಿಲ ಮೇಲೆ ಹೋಗಿ ಗಂಡನ ಪಕ್ಕ ಕೂತಳು. ನಾನು ಬಾಗಿಲಲ್ಲಿ ನಿಂತೆ.

"ವಿನುತಾನ ಅಪ್ಪಾ, ನಾನು ಸಮುದ್ರದಿಂದ ಏನು ಕಂಡೆ ಹೇಳ್ಲಾ?"

"ಬೇಡ."

"ನೀಲಿ ಗೋಡೆ ಕಾಣ್ಲಿಲ್ಲ. ಪಾಚಿ ಕಟ್ಟಿ ಗುಡ್ಡದ ಒಟ್ಟಿಗೆ ಒಂದಾಗಿ ಹೋಗದೆ. ತುಳಸಿಕಟ್ಟೆ ಕಾಣ್ಲಿಲ್ಲ. ನಿಮ್ಮ ದೊಡ್ಡ ಕಿಟಕಿಯೂ ಕಾಣ್ಲಿಲ್ಲ, ತೆಂಗಿನ ಹೆಡೆ ಅಡ್ಡ ಬರ್ತದೆ. ಆದ್ರೂ ನಂಗೆ ಇದೇ ನಮ್ಮನೆ ಅಂತ ಒಂದೇ ಸಲಕ್ಕೆ ಗೊತ್ತಾಯ್ತು."

ಮಾಬ್ಲು ತಲೆ ಎತ್ತಿದ. "ಹೆಂಗೆ?"

ಜಯಂತಿ ಕೈ ಎತ್ತಿ ಎದುರಿಗೆ ತೋರಿಸಿದಳು. "ಅದು ಕಂಡಿತು. ದಿಬ್ಬದ ಮೇಲೆ ಅದೆಯಲ್ಲ, ಮನೆ ಮಾಡಿನ ಮೇಲಿಂದ ಪೂರ್ತಿ ಕಾಣ್ತದೆ. ಬೆಳ್ಳಗೆ, ದೇವಸ್ಥಾನ ಇದ್ದಾಂಗೆ. ಮಾದೇವಣ್ಣನ ಹೆಂಡ್ತಿ, ಅದು ಯಾವ ಗುಡಿ ಅಂತ ಕೇಳಿದ್ಲು. ನಾನು ಕೈ ಮುಗಿದೆ."

ಸಮುದ್ರದಿಂದ ಕಾಣಬಾರದು ಅಂತ ಹಟ ಮಾಡಿ ಮೇಲೆ ಕಟ್ಟಿಸಿದ ಪಾಯಖಾನೆ! ಮಾಬ್ಲು ಅದನ್ನು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಅದನ್ನು ನೋಡಿದ. ಗಂಟಲಿನಿಂದ ಮೊದಲು ಕೆಮ್ಮಿನ ಹಾಗೆ ಏನೋ ಬಂತು. ಆಮೇಲೆ ಅವನು ನಕ್ಕ ನಗೆಗೆ ರಸ್ತೆಯಲ್ಲಿ ಹೋಗುವ ಸೈಕಲ್ಲು ನಿಂತಿತು. ಮೆಟ್ಟಿಲ ಮೇಲೆ ಉರುಳಿ ಉರುಳಿ ನಕ್ಕ. ಜಯಂತಿ ನಕ್ಕಳು, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು 'ಸಾಕು ಮಾರಾಯಾ' ಅನ್ನುವ ತನಕ ನಕ್ಕೆ.

ಕಣ್ಣು ಒರೆಸಿಕೊಂಡು ಮಾಬ್ಲು ಕೇಳಿದ, "ಮತ್ತೇನು ಕಂಡೆ?"

ಅವಳು ಹೇಳಿದಳು. ಮರುದಿನವೂ ಕೇಳಿದ, ಮರುದಿನವೂ ಹೇಳಿದಳು. ದಿನಾ ಸಂಜೆ ಅದೇ ಆಯಿತು. ಹೇಳುತ್ತ ಹೇಳುತ್ತ ಅವಳ ಸಮುದ್ರ ದೊಡ್ಡದಾಯಿತು, ತೆರೆಗಳು ಎತ್ತರವಾದವು, ಒಂದು ದಿನ ಎರಡು ಡಾಲ್ಫಿನ್ನೂ ಬಂದವು. ಬಲೆಯ ಮೇಲೆ ಬೋರಲು ಬಿದ್ದಿದ್ದವನು, "ಅಲ್ವೇ, ಗುಡಿ ಎಡಗಡೆ, ತೆಂಗು ಬಲಗಡೆ" ಅಂತ ಅವಳನ್ನೇ ತಿದ್ದುತ್ತಿದ್ದ. ಬೆಳಗಿನ ಬಸ್ಸು ಮತ್ತೆ ತಪ್ಪಲಿಲ್ಲ. ಬೈತಖೋಲದಿಂದ ಬರುವಾಗ ಒಂದು ದಿನ ನೀಲಿ ಬಣ್ಣದ ಡಬ್ಬಿ ತಂದು ಪಾಯಖಾನೆಯ ನಾಲ್ಕೂ ಬದಿಗೆ ಹೊಡೆದ. "ನಮ್ಮ ಗುರುತು ಅದೇ ಅಂದ ಮೇಲೆ ಚಂದ ಇರಬೇಡ್ವಾ ವೈನಿ?"

ಹೋದ ವರ್ಷ ಹುಣ್ಣಿಮೆ ಹತ್ತಿರ ಬಂದಾಗ ಜಯಂತಿ ತಾನಾಗಿಯೇ, "ಮಾದೇವಣ್ಣನ ಬೋಟು ಈ ಸಲವೂ ಬರ್ತದಾ?" ಅಂತ ಕೇಳಿದಳು. ಆಮೇಲೆ ಪಾತ್ರೆ ತಿಕ್ಕುತ್ತ, ಯಾರಿಗೂ ಅಲ್ಲದ ಹಾಗೆ, "ಮನೆ ಕಂಡಿತ್ತು. ಮನೆ ಹತ್ತಿರ ನಮ್ಮವರು ಯಾರೂ ಕಾಣ್ಲಿಲ್ಲ" ಅಂದಳು.

ಮಾಬ್ಲು ಯೋಚನೆ ಮಾಡಿದ. ಬೋಟಿಗೆ ಇನ್ನು ತನ್ನ ಹೊಟ್ಟೆ ಒಗ್ಗುವುದಿಲ್ಲ ಅಂತ ಅವನಿಗೆ ಗೊತ್ತು. ಜೋಡಿ ಬೇಕು ಅಂತ ಮಾದೇವ ಹೇಳುತ್ತಾನಲ್ಲ, ವಿನುತಾನನ್ನು ಅಮ್ಮನ ಜೊತೆ ಕಳಿಸಿದ. ಇಬ್ಬರಿಗೂ ಬರೀ ಹೊಟ್ಟೆಯಲ್ಲೇ ಹೋಗಿ ಅಂತ ಕಟ್ಟಪ್ಪಣೆ ಮಾಡಿದ. ಆಮೇಲೆ ನನ್ನ ಹತ್ತಿರ ಬಂದು ತಲೆ ತುರಿಸಿಕೊಂಡ. "ವೈನೀ, ಆ ಸೀರೆ ಅದೆಯಾ?"

ದಂಡೆಯಲ್ಲಿ ಬೀಸಲಿಕ್ಕೆ ಮೀನುಗಾರರ ಹೆಂಗಸರು ಇನ್ನೊಮ್ಮೆ ಬಿಡುವುದಿಲ್ಲ ಅಂತ ಮೊದಲೇ ಹೇಳಿ ಕಳಿಸಿದ್ದರು. ಹಾಗಾಗಿ ನಾನು ಏಣಿ ಹಿಡಿದೆ, ಅವನು ಪಾಯಖಾನೆಯ ಮೇಲೆ ಹತ್ತಿದ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬೋಟು ಒಂದು ಚುಕ್ಕೆಯ ಹಾಗೆ ಕಂಡದ್ದೇ ಸೈ, ಸೀರೆ ಬಿಚ್ಚಿ ಬೀಸಿದ ನೋಡಿ! ರಸ್ತೆಯಲ್ಲಿ ಕಾರವಾರದ ಬಸ್ಸು ನಿಂತಿತು, ಜನ ಕಿಟಕಿಯಿಂದ ಬಗ್ಗಿ ನೋಡಿದರು. ಅವನಿಗೆ ಖಬರೇ ಇಲ್ಲ.

ಮೊಬೈಲು ಹೊಡೆಯಿತು. ಕೈ ಬಿಡುವಿಲ್ಲ, ಕೆಳಗೆ ನನ್ನ ಕೈಗೆ ಇಳಿಸಿದ, ನಾನು ದೊಡ್ಡದಾಗಿ ಕೇಳುವ ಹಾಗೆ ಮಾಡಿ ಮೇಲಕ್ಕೆ ಎತ್ತಿ ಹಿಡಿದೆ.

"ಕಂಡ್ರಿ!" ಜಯಂತಿಯ ದನಿ ಗಾಳಿಯಲ್ಲಿ ಹಾರಾಡುತ್ತಿತ್ತು. "ವಿನುತಾನ ಅಪ್ಪಾ, ಕಂಡ್ರಿ!"

"ನಾನು ಹೆಂಗೆ ಕಾಣ್ತೆ?"

"ಒಂದು ಒಣಮೆಣಸು ಇದ್ದಾಂಗೆ! ಕೆಂಪಗೆ, ಇಷ್ಟು ಸಣ್ಣಕೆ!"

"ನಾನೇ ಅಂತ ಗುರುತು ಹೆಂಗೆ ಸಿಕ್ಕಿತೇ?"

"ಇಡೀ ಅಂಕೋಲಾ ತಾಲೂಕಿನಲ್ಲಿ ಪಾಯಖಾನೆ ಮೇಲೆ ಹತ್ತಿ ಕುಣಿಯುವ ಗಂಡ ಬೇರೆ ಯಾರಿಗೆ ಇದ್ದಾನೆ?"

ಬಸ್ಸಿನವರೆಲ್ಲ ನಕ್ಕರು. ನನ್ನ ಕೈ ಸೋತಿತ್ತು. "ಇಳಿಯಾ ತಮಾ, ಗಂಜಿ ಆರ್ತಾ ಅದೆ" ಅಂದೆ.

"ಇರು ವೈನಿ" ಅಂದ, ಸೀರೆ ಇನ್ನೂ ಎತ್ತರಕ್ಕೆ ಬೀಸುತ್ತ. "ಅವಳಿಗೆ ನಾನು ಇನ್ನೂ ಕಾಣ್ತಾ ಇದ್ದೇನೆ."